ಅನಿವಾರ್ಯದ ಹೆಸರಿನಲ್ಲಿ ಉರಿಯುವ ಬೆಂಕಿ

ತೈಲ ಸಂಸ್ಕರಣಾಗಾರದ ಫ್ಲೇರ್ ಅನ್ನು ಸಾರಾಸಗಟಾಗಿ ಖಂಡಿಸುವವರು ಮೊದಲು ಅಮೆರಿಕದ ಟೆಕ್ಸಸ್ ಸಿಟಿಯ 2005ರ ದುರಂತವನ್ನು ಅರಿಯಬೇಕು. ಆ ವರ್ಷದ ಮಾರ್ಚ್ 23ರಂದು ಅಲ್ಲಿನ ಬಿಪಿ ಸಂಸ್ಕರಣಾಗಾರದಲ್ಲಿ ಗೋಪುರವೊಂದು ಮಿತಿಮೀರಿ ತುಂಬಿತು. ಉಕ್ಕಿದ ಹೈಡ್ರೋಕಾರ್ಬನ್ ದ್ರವ ಹಳೆಯ ಕಾಲದ ಬ್ಲೋಡೌನ್ ಡ್ರಮ್ಮಿನ ಕೊಳವೆಯಿಂದ ನೇರವಾಗಿ ಬಯಲಿಗೆ ಚಿಮ್ಮಿತು. ಹಬ್ಬಿದ ಆವಿಗೆ ಕಿಡಿ ತಗುಲಿ 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ಆ ಡ್ರಮ್ಮಿಗೆ ಫ್ಲೇರ್ ಸಂಪರ್ಕವೇ ಇರಲಿಲ್ಲ. ಅದನ್ನು ಜೋಡಿಸುವ ಅವಕಾಶಗಳು ಹಿಂದೆ ಹಲವು ಬಾರಿ ಬಂದು ತಪ್ಪಿಹೋಗಿದ್ದವು ಎಂದು ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಒತ್ತಡ ಏರಿದಾಗ ಅನಿಲವನ್ನು ಎತ್ತರದ ಕೊಳವೆಯ ತುದಿಯಲ್ಲಿ ಸುಟ್ಟುಬಿಡುವ ಈ ವ್ಯವಸ್ಥೆ ಜೀವ ಉಳಿಸುತ್ತದೆ ಎಂಬುದನ್ನು ಒಪ್ಪಿಯೇ ಮುಂದೆ ಹೋಗಬೇಕು. ನನ್ನ ತಕರಾರಿರುವುದು, ತುರ್ತಿಗೆಂದು ಇಟ್ಟದ್ದನ್ನು ಅನುಕೂಲಕ್ಕೆ ಬಳಸಿಕೊಂಡು ಆಮೇಲೆ ಅದಕ್ಕೆ ಆಕಸ್ಮಿಕವೆಂದು ಹೆಸರಿಡುವ ರೂಢಿಯ ಮೇಲೆ.

ಆ ರೂಢಿಗೆ ಸಾಕ್ಷಿಯೂ ಅದೇ ಸಂಸ್ಕರಣಾಗಾರದಲ್ಲಿದೆ. 2010ರ ಏಪ್ರಿಲ್ 6ರಂದು ಅಲ್ಲಿನ ಅಲ್ಟ್ರಾಕ್ರ್ಯಾಕರ್ ಘಟಕದ ಕಂಪ್ರೆಸರ್‌ಗೆ ಬೆಂಕಿ ಬಿತ್ತು. ಕಂಪನಿ ಘಟಕವನ್ನು ನಿಲ್ಲಿಸಲಿಲ್ಲ. ಕಂಪ್ರೆಸರ್ ದುರಸ್ತಿಯಾಗುವವರೆಗೆ ಅನಿಲವನ್ನು ಫ್ಲೇರ್‌ಗೆ ತಿರುಗಿಸಿತು. ಇದು 40 ದಿನ ನಡೆಯಿತು. ಹೊರಬಿದ್ದ ಮಾಲಿನ್ಯ ಐದು ಲಕ್ಷ ಪೌಂಡ್‌ಗೂ ಹೆಚ್ಚು, ಅಂದರೆ ಸುಮಾರು 227 ಟನ್. ಅದರಲ್ಲಿ ರಕ್ತದ ಕ್ಯಾನ್ಸರ್ ತರಬಲ್ಲ ಬೆಂಜೀನ್ ಒಂದೇ 17,000 ಪೌಂಡ್‌ನಷ್ಟಿತ್ತು. ಇಷ್ಟೆಂದು ಊರಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಮೊದಲ ದಿನದ ಬೆಂಕಿಯನ್ನು ಆಕಸ್ಮಿಕ ಎನ್ನೋಣ. ಉಳಿದ ದಿನಗಳನ್ನು ಹಾಗೆನ್ನಲು ಬರುವುದಿಲ್ಲ, ಏಕೆಂದರೆ ಪ್ರತಿದಿನವೂ ನಿಲ್ಲಿಸುವ ದಾರಿ ತೆರೆದೇ ಇತ್ತು. ಆಕಸ್ಮಿಕವೆನಿಸುವ ಬೇರೆ ಅವಘಡಗಳಿಗೂ ಇದೇ ಮಾತು ಸಲ್ಲುತ್ತದೆ. ಕ್ಯಾಲಿಫೋರ್ನಿಯಾದ ರಿಚ್‌ಮಂಡ್‌ನಲ್ಲಿ 2012ರ ಆಗಸ್ಟ್ 6ರಂದು ಶೆವ್ರಾನ್ ಸಂಸ್ಕರಣಾಗಾರದ ಕೊಳವೆ ಒಡೆದು ಬೆಂಕಿ ಹೊತ್ತಿದಾಗ ಸುಮಾರು 15,000 ಜನ ಚಿಕಿತ್ಸೆಗೆ ಹೋದರು. ಆ ಕೊಳವೆಯನ್ನು ಗಂಧಕದ ಸಂಯುಕ್ತಗಳು ಒಳಗಿನಿಂದ ತಿಂದು ತೆಳುವಾಗಿಸಿದ್ದವು. ಅಂಥ ಕೊಳವೆಗಳನ್ನು ಪೂರ್ತಿ ಪರೀಕ್ಷಿಸಬೇಕೆಂದು ಕಂಪನಿಯ ತಜ್ಞರೇ ವರ್ಷಗಳ ಹಿಂದೆ ಸೂಚಿಸಿದ್ದರು. ಮೊದಲೇ ಗೊತ್ತಿದ್ದ ಸವೆತ ಕೊನೆಗೊಂದು ದಿನ ಬಾಯಿಬಿಟ್ಟರೆ ಅದು ವಿಧಿಯಾಟವಲ್ಲ.

ಸುಟ್ಟರೆ ಎಲ್ಲವೂ ಶುದ್ಧವಾಗುತ್ತದೆ ಎಂಬ ನಂಬಿಕೆಯೂ ಈ ರೂಢಿಗೆ ಆಸರೆ. ಫ್ಲೇರ್‌ಗೆ ಬಂದ ಅನಿಲದ ಶೇ. 98ರಷ್ಟು ನಾಶವಾಗುತ್ತದೆಂದು ಲೆಕ್ಕ ಹಿಡಿಯುವುದು ವಾಡಿಕೆ. ಆದರೆ ಹೊಗೆ ಕಾಣದಿರಲೆಂದು ಹಾಯಿಸುವ ಹಬೆ ಅತಿಯಾದರೆ ಜ್ವಾಲೆ ತಣ್ಣಗಾಗಿ ಅನಿಲ ಅರೆಬೆಂದೇ ಹೊರಹೋಗುತ್ತದೆ. ಕಪ್ಪು ಹೊಗೆ ಊರಿಗೆಲ್ಲ ಕಾಣುತ್ತದೆ. ಬೆಂಜೀನ್ ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗಾಗಿ ಹೊಗೆಯಿಲ್ಲದ ಜ್ವಾಲೆ ಶುದ್ಧ ಜ್ವಾಲೆಯೇ ಆಗಬೇಕೆಂದಿಲ್ಲ. ಸೂತ್ರದಿಂದ ಅಂದಾಜಿಸುವ ಬದಲು ಅಳೆಯಬೇಕು ಎನ್ನುವುದು ಇದಕ್ಕಾಗಿ. ಅಮೆರಿಕದ ಪರಿಸರ ಸಂಸ್ಥೆ 2015ರಲ್ಲಿ ಸಂಸ್ಕರಣಾಗಾರಗಳ ಬೇಲಿಯಂಚಿನಲ್ಲೇ ಬೆಂಜೀನ್ ಅಳೆಯುವುದನ್ನು ಕಡ್ಡಾಯ ಮಾಡಿತು. ವಾರ್ಷಿಕ ಸರಾಸರಿ ಘನ ಮೀಟರಿಗೆ 9 ಮೈಕ್ರೋಗ್ರಾಂ ದಾಟಿದರೆ ಕಂಪನಿ ಕಾರಣ ಹುಡುಕಿ ಸರಿಪಡಿಸಬೇಕು, ಅಂಕಿಅಂಶ ಜನರಿಗೆ ಸಿಗಬೇಕು. ಒಳ್ಳೆಯ ನಿಯಮವೇ. ಆದರೆ ಎರಡು ವಾರಕ್ಕೊಮ್ಮೆ ಬದಲಿಸುವ ಮಾಪಕ ಮಂಗಳವಾರ ರಾತ್ರಿಯ ಎರಡು ಗಂಟೆಗಳ ಸೋರಿಕೆಯನ್ನು ಬೇರ್ಪಡಿಸಿ ತೋರಿಸಲಾರದು.

ಉದ್ಯಮ ಎರಡು ಗಂಭೀರ ಆಕ್ಷೇಪಗಳನ್ನು ಎತ್ತುತ್ತದೆ. ಫ್ಲೇರ್ ಬಳಸಿದ್ದಕ್ಕೆಲ್ಲ ದಂಡ ಹಾಕಿದರೆ ಆಪರೇಟರ್ ಆಪತ್ತಿನಲ್ಲಿ ಹಿಂಜರಿದಾನು, 2005 ಮರುಕಳಿಸೀತು ಎಂಬುದು ಮೊದಲನೆಯದು. ಈ ಭಯ ಸುಳ್ಳಲ್ಲ, ಆದರೆ ಇದಕ್ಕೆ ಉತ್ತರ ಆಗಲೇ ಜಾರಿಯಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ವಾಯು ಮಂಡಳಿ 2003ರಲ್ಲಿ ಫ್ಲೇರ್ ಅನಿಲದ ಅಳತೆಯನ್ನು ಕಡ್ಡಾಯ ಮಾಡಿತು. 2005ರಲ್ಲಿ ಪ್ರತಿ ಸಂಸ್ಕರಣಾಗಾರವೂ ಫ್ಲೇರಿಂಗ್ ತಗ್ಗಿಸುವ ಯೋಜನೆ ಕೊಡಬೇಕೆಂದಿತು. ನಿಜವಾದ ತುರ್ತಿಗೆ ವಿನಾಯಿತಿ ಇದೆ. ಆದರೆ ದಿನಕ್ಕೆ ಐದು ಲಕ್ಷ ಘನ ಅಡಿ ಮೀರಿ ಸುಟ್ಟರೆ ಮೂಲ ಕಾರಣದ ವರದಿ ಒಪ್ಪಿಸಲೇಬೇಕು. ಬಳಸಿದ ಕೈಗೆ ಶಿಕ್ಷೆಯಿಲ್ಲ. ಬಳಸಬೇಕಾಗಿ ಬಂದದ್ದಕ್ಕೆ ಕಾರಣ ಕೇಳಲಾಗುತ್ತದೆ. ಇಂಥ ಘಟನೆಗಳ ಪಾಲು ವರ್ಷದ ಒಟ್ಟು ಮಾಲಿನ್ಯದಲ್ಲಿ ಅಲ್ಪ ಎಂಬುದು ಎರಡನೆಯ ಆಕ್ಷೇಪ. ಶ್ವಾಸಕೋಶ ವಾರ್ಷಿಕ ಸರಾಸರಿಯನ್ನು ಉಸಿರಾಡುವುದಿಲ್ಲ. ಅಸ್ತಮಾ ಇರುವ ಮಗುವಿಗೆ ಆ ಗಂಟೆಯ ಗಾಳಿಯೇ ಪ್ರಶ್ನೆ.

ಹಾಗಾಗಿ ಫ್ಲೇರಿಂಗ್ ಕ್ರಮವನ್ನು ತೂಗಲು ಮೂರು ಪ್ರಶ್ನೆ ಸಾಕು: ಹೊರಬಿದ್ದದ್ದನ್ನು ಅಳೆದರೇ, ಕಾರಣವನ್ನು ಬಹಿರಂಗಪಡಿಸಿದರೇ, ಅದೇ ಕಾರಣ ಮತ್ತೆ ಬಂತೇ? ಮಂಗಳೂರಿನಲ್ಲಿ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್‌ನ ಕೋಕ್ ಘಟಕದ ಧೂಳು, ವಾಸನೆಗಳ ವಿರುದ್ಧ ಹೋರಾಡಿದ ಜೋಕಟ್ಟೆಯ ಜನರಿಗೂ ಇವು ಹೊಸ ಪ್ರಶ್ನೆಗಳಲ್ಲ. ಮೊದಲ ಸಲದ ಅವಘಡಕ್ಕೆ ಕ್ಷಮೆಯಿರಲಿ. ಅದೇ ಕಾರಣಕ್ಕೆ ಎರಡನೇ ಸಲ ಉರಿದದ್ದನ್ನು ಕಾನೂನು ನಿರ್ಲಕ್ಷ್ಯವೆಂದೇ ಪರಿಗಣಿಸಬೇಕು. ಅದರ ವೆಚ್ಚವನ್ನು ನೆರೆಯವರ ಆರೋಗ್ಯದ ಮೇಲೆ ಹೇರದೆ ಕಂಪನಿಯ ಖಾತೆಗೇ ಬರೆಯಬೇಕು.