ಒಂದು ಸೆಕೆಂಡಿನ ಲೆಕ್ಕ

ಮದುವೆ ಮುಗಿದು ಎರಡು ಮೂರು ತಿಂಗಳಾದ ಮೇಲೆ ವಿಡಿಯೊ ಬರುತ್ತದೆ. ಹೆಣ್ಣಿನ ಮನೆಯಲ್ಲೊಮ್ಮೆ, ಗಂಡಿನ ಮನೆಯಲ್ಲೊಮ್ಮೆ, ಮದುವೆಗೆ ಬರಲಾಗದ ನೆಂಟರು ಬಂದಾಗ ಇನ್ನೊಮ್ಮೆ ಅದನ್ನು ಹಾಕುತ್ತಾರೆ. ನಾವು ಹೆಂಗಸರು ಸೀರೆಯ ಅಂಚು, ಸರದ ಎಳೆ, ಯಾರು ಯಾರ ಪಕ್ಕ ಕೂತಿದ್ದರು ಎಂಬುದನ್ನೆಲ್ಲ ನೋಡಿ ಮಾತಾಡುತ್ತೇವೆ. ಸಿನಿಮಾಕ್ಕೆ, ಧಾರಾವಾಹಿಗೆ ವಿಮರ್ಶೆ ಬರೆಯುವವರಿದ್ದಾರೆ. ಮನೆಮನೆಯಲ್ಲೂ ಇರುವ ಈ ಮದುವೆ ವಿಡಿಯೊಗೆ ಮಾತ್ರ ವಿಮರ್ಶಕರಿಲ್ಲ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಛತ್ರಗಳಲ್ಲಿ ನಡೆದ ಹಲವಾರು ಮದುವೆಗಳ ವಿಡಿಯೊ ನೋಡಿರುವ ನಾನು ಆ ಕೆಲಸವನ್ನು ಸ್ವಲ್ಪ ಮಾಡೋಣವೆಂದಿದ್ದೇನೆ.

ನನ್ನ ದೂರು ಒಂದೇ. ಒಂದು ದೃಶ್ಯ ಕರಗುತ್ತ ಇನ್ನೊಂದು ಮೂಡಿದರೆ ಅದು ಡಿಸಾಲ್ವ್. ದೃಶ್ಯ ಮೆಲ್ಲಗೆ ಪೂರ್ತಿ ಕಪ್ಪಾದರೆ ಅದು ಫೇಡ್. ನಮ್ಮಲ್ಲಿ ಸಾಮಾನ್ಯವಾಗಿ ವಿಡಿಯೊ ಎಂದರೆ ಸೆಕೆಂಡಿಗೆ 25 ಚಿತ್ರಗಳು, ಅಂದರೆ 25 ಫ್ರೇಮುಗಳು. ಕರಗುವುದಕ್ಕೆ ಎಷ್ಟು ಫ್ರೇಮು ಬೇಕು ಎಂದು ಎಡಿಟ್ ಮಾಡುವವನು ಕಂಪ್ಯೂಟರಿಗೆ ಹೇಳಬಹುದು. ಹೇಳದಿದ್ದರೆ ಹಲವು ತಂತ್ರಾಂಶಗಳು ತಾವೇ ಒಂದು ಸೆಕೆಂಡು ಎಂದು ಇಟ್ಟುಕೊಳ್ಳುತ್ತವೆ. ಹೆಚ್ಚಿನ ಹುಡುಗರು ಹೇಳುವುದಿಲ್ಲ. ಹಾಗಾಗಿ ಕಾಶಿಯಾತ್ರೆಗೂ ಒಂದು ಸೆಕೆಂಡು, ಧಾರೆಗೂ ಒಂದು ಸೆಕೆಂಡು, ಹಪ್ಪಳ ಬಡಿಸುವುದಕ್ಕೂ ಒಂದು ಸೆಕೆಂಡು.

ಹಿಂದೆ ಹೀಗಿರಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ನಿರ್ದೇಶಕ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರವಿತ್ತು, ಈಗಿಲ್ಲ. ಅಲ್ಲಿ ರೀಲು ಓಡುತ್ತಿದ್ದ ಕಾಲದಲ್ಲಿ ಸೆಕೆಂಡಿಗೆ 24 ಚಿತ್ರ. ಸಂಕಲನಕಾರ ರೀಲಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಲ್ಯಾಬಿಗೆ ಕಳಿಸಬೇಕು. ಲ್ಯಾಬಿನ ಯಂತ್ರಗಳಲ್ಲಿ 16, 24, 32, 48 ಎಂಬಂಥ ಗೊತ್ತಾದ ಅಳತೆಗಳಿರುತ್ತಿದ್ದವು. ಪ್ರತಿಯೊಂದಕ್ಕೂ ಸಮಯ ಮತ್ತು ಖರ್ಚು. ಆದ್ದರಿಂದ ಬೇಕೋ ಬೇಡವೋ ಎಂದು ಯೋಚಿಸಿಯೇ ಹಾಕುತ್ತಿದ್ದರು. ನೋಡುವ ನಮಗೂ ಅದರ ಅರ್ಥ ಯಾರೂ ಹೇಳಿಕೊಡದೆ ತಿಳಿಯುತ್ತಿತ್ತು: ಕರಗಿದರೆ ಸ್ವಲ್ಪ ಕಾಲ ಕಳೆಯಿತು, ಕಪ್ಪಾದರೆ ಒಂದು ಅಧ್ಯಾಯ ಮುಗಿಯಿತು.

ಮದುವೆಯ ಶಾಸ್ತ್ರಗಳಿಗಂತೂ ಅವುಗಳದೇ ಅಳತೆಯಿದೆ. ಅಂತರಪಟವನ್ನೇ ನೋಡಿ. ಹುಡುಗ ಹುಡುಗಿಯ ನಡುವೆ ಬಟ್ಟೆ ಹಿಡಿದು ಮಂಗಳಾಷ್ಟಕ ಹೇಳುತ್ತಾರೆ. ಅದು ಮುಗಿದಾಗ ಬಟ್ಟೆ ಸರಿಯುತ್ತದೆ, ಜೀರಿಗೆ ಬೆಲ್ಲ ಬೀಳುತ್ತದೆ. ಆ ಬಟ್ಟೆ ಸರಿಯುವುದಕ್ಕಿಂತ ಒಳ್ಳೆಯ ದೃಶ್ಯ ಬದಲಾವಣೆ ಇನ್ನೇನಿದೆ? ಅದರ ಮೇಲೂ ಡಿಸಾಲ್ವ್ ಹಾಕಿದರೆ ಪರದೆಯ ಮೇಲೆ ಪರದೆ ಹೊದಿಸಿದಂತೆ. ಗಟ್ಟಿಮೇಳದ್ದೂ ಹಾಗೆಯೇ. ತಾಳಿ ಕಟ್ಟುವ ಹೊತ್ತಿಗೆ ಬೇರೆ ಯಾವ ಅಪಸ್ವರವೂ ಕಿವಿಗೆ ಬೀಳಬಾರದೆಂದು ಅದು ಥಟ್ಟನೆ ಏರುತ್ತದೆ. ಅದನ್ನು ಎರಡು ಸೆಕೆಂಡು ಮೆಲ್ಲಗೆ ಏರಿಸಿದರೆ ಗಟ್ಟಿಮೇಳವೇ ಅಲ್ಲ. ಧ್ವನಿ ಜೋಡಿಸಿದಲ್ಲಿ ಟಕ್ ಎಂದು ಕೇಳದಂತೆ ಎರಡು ಮೂರು ಫ್ರೇಮು ಸಾಕು.

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕೆ ಎಂದು ನೀವು ಕೇಳಬಹುದು. ನಮ್ಮ ಮನೆಯದೇ ಸಂಗತಿ ಹೇಳುತ್ತೇನೆ. 2009ರಲ್ಲಿ ಜೆ.ಪಿ. ನಗರದ ಛತ್ರವೊಂದರಲ್ಲಿ ನನ್ನ ತಂಗಿಯ ಮದುವೆಯಾಯಿತು. ಹೆಣ್ಣು ಒಪ್ಪಿಸಿಕೊಡುವಾಗ ನಮ್ಮಜ್ಜಿ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ಡಿವಿಡಿಯಲ್ಲಿ ಆ ದೃಶ್ಯ ಎರಡು ಸೆಕೆಂಡು, ಅಂದರೆ 50 ಫ್ರೇಮು. ಮೊದಲ 25ರಲ್ಲಿ ಗಂಡಿನ ಸೋದರಮಾವನ ಪೇಟ ಕರಗುತ್ತಿದೆ. ಕೊನೆಯ 25ರಲ್ಲಿ ಪಾಯಸದ ಬಕೆಟ್ಟು ಮೂಡುತ್ತಿದೆ. ಕೂಡಿಸಿ ನೋಡಿ. ಅಜ್ಜಿ ಒಬ್ಬಳೇ ಇರುವ ಒಂದು ಫ್ರೇಮೂ ಇಲ್ಲ. ಮರುವರ್ಷವೇ ಅಜ್ಜಿ ಹೋದಳು. ಅವಳು ಓಡಾಡುವ, ಉಸಿರಾಡುವ ಚಿತ್ರ ನಮ್ಮಲ್ಲಿರುವುದು ಅದೊಂದೇ. ಸ್ಟುಡಿಯೋದವರನ್ನು ಕೇಳಿದರೆ ಮೂಲ ಟೇಪಿನ ಮೇಲೆ ಬೇರೆ ಮದುವೆ ತೆಗೆದಾಗಿತ್ತು. ಒಮ್ಮೆ ಬೆರೆತ ಚಿತ್ರವನ್ನು ಬೇರ್ಪಡಿಸಲು ಕಂಪ್ಯೂಟರ್ ಬಲ್ಲ ಅಕ್ಕನ ಮಗಳು ಎರಡು ದಿನ ಕೂತಳು. ಪೇಟವೂ ಹೋಗಲಿಲ್ಲ, ಬಕೆಟ್ಟೂ ಹೋಗಲಿಲ್ಲ. ಆ ಕಡೆ ಹತ್ತು ಫ್ರೇಮು, ಈ ಕಡೆ ಹತ್ತು ಫ್ರೇಮು ಮಾಡಿದ್ದರೆ ಅಜ್ಜಿಗೆ ಮೂವತ್ತು ಫ್ರೇಮು ಸಿಗುತ್ತಿತ್ತು. ಒಂದು ಸೆಕೆಂಡಿಗಿಂತ ತುಸು ಹೆಚ್ಚು. ನಮಗೆ ಅಷ್ಟು ಸಾಕಿತ್ತು.

ಎಲ್ಲರೂ ಹಾಗೆಯೇ ಎನ್ನಲಾರೆ. ಬನಶಂಕರಿ ಎರಡನೇ ಹಂತದ ಗೆಳತಿಯ ಮಗಳ ಮದುವೆಯ ವಿಡಿಯೊ ನೋಡಿ ನಾನು ಸುಮ್ಮನೆ ಕೂತುಬಿಟ್ಟೆ. ಊಟದ ಪಂಕ್ತಿಯಲ್ಲಿ ಎಲ್ಲ ಚಕಚಕನೆ ಸಾಗುತ್ತದೆ, ಎಲ್ಲೂ ಕರಗಿಸುವ ಆಟವಿಲ್ಲ. ಸಪ್ತಪದಿಯ ಏಳು ಹೆಜ್ಜೆಯನ್ನೂ ಒಂದೇ ಓಟದಲ್ಲಿ ಬಿಟ್ಟಿದ್ದಾರೆ. ಮಗಳ ಕೈಯನ್ನು ಅತ್ತೆಯ ಕೈಗೆ ಒಪ್ಪಿಸಿದ ಮೇಲೆ ಹುಡುಗಿ ಆಚೆ ನಡೆಯುತ್ತಾಳೆ. ಕ್ಯಾಮೆರಾ ಅವಳ ಹಿಂದೆ ಹೋಗದೆ ತಾಯಿಯ ಬರಿಗೈಯ ಮೇಲೆ ನಿಲ್ಲುತ್ತದೆ. ಆಮೇಲೆ ಮೂರು ಸೆಕೆಂಡು ತೆಗೆದುಕೊಂಡು ಮೆಲ್ಲನೆ ಕತ್ತಲು. ಆ ಎಡಿಟರ್ ಯಾರೋ ತಾಯಿಯನ್ನು ನೋಡಿದ್ದಾನೆ, ಅಥವಾ ನೋಡಿದ್ದಾಳೆ.

ಲಗ್ನದ ಕಾಲದಲ್ಲಿ ಒಂದರ ಮೇಲೊಂದು ಮದುವೆ ಹಿಡಿದು ನಿದ್ದೆಗೆಟ್ಟು ಕೂರುವ ಹುಡುಗರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಎಲ್ಲ ಕಡೆಯೂ ಫ್ರೇಮು ಎಣಿಸಿ ಎಂದು ಕೇಳಲಾಗದು. ಆದರೆ ಇಡೀ ಮದುವೆಯಲ್ಲಿ ಎಣಿಸಲೇಬೇಕಾದ ಜಾಗ ನಾಲ್ಕೋ ಐದೋ ಇರುತ್ತವೆ. ಅವು ಯಾವುವೆಂದು ಸ್ಟುಡಿಯೋದವರಿಗೆ ತಿಳಿಯದು, ಮನೆಯ ಹೆಂಗಸರಿಗೆ ತಿಳಿಯುತ್ತದೆ. ಅಡ್ವಾನ್ಸ್ ಕೊಡುವಾಗ ಆಲ್ಬಮ್ಮಿನ ರಟ್ಟು, ಡ್ರೋನು ಎಂದೆಲ್ಲ ಮಾತಾಡುತ್ತೇವಲ್ಲ, ಆಗಲೇ ಇದನ್ನೂ ಒಂದು ಚೀಟಿಯಲ್ಲಿ ಬರೆದುಕೊಡಿ: ಇಲ್ಲಿ ಕರಗಿಸಬೇಡಿ, ಇಲ್ಲಿ ನಿಲ್ಲಿ, ಈ ಮುದುಕಿಯನ್ನು ಐದು ಸೆಕೆಂಡು ಪೂರ್ತಿ ತೋರಿಸಿ. ಕತ್ತರಿಸದ ಮೂಲ ಚಿತ್ರಗಳ ಒಂದು ಪ್ರತಿಯನ್ನೂ ತಪ್ಪದೆ ಕೇಳಿ ಪಡೆಯಿರಿ. ಬಾಕಿ ಹಣ ಕೊಡುವ ಮೊದಲೇ.