ವಚನಗಳ ಮುದ್ರಣವೂ ವಾಚಕವರ್ಗಗಳೂ

ಪ್ರಾಚೀನ ಗ್ರಂಥವೊಂದನ್ನು ಅಚ್ಚುಮಾಡಿಸುವವನು ಅದರ ಪಾಠವನ್ನು ನಿರ್ಣಯಿಸುವಾಗಲೇ ಅದನ್ನು ಓದತಕ್ಕವರು ಯಾರೆಂಬುದನ್ನೂ ನಿರ್ಣಯಿಸಿಬಿಡುತ್ತಾನೆ. ಪುಸ್ತಕದ ಆಕಾರ, ಬೆಲೆ, ಅಡಿಟಿಪ್ಪಣಿಯ ಭಾವಾಭಾವ, ಒಳಗಿನ ಭಾಗಗಳ ಅನುಕ್ರಮ ಇವೆಲ್ಲವೂ ಒಂದು ಬಗೆಯ ವಾಚಕನನ್ನು ಬರಮಾಡಿಕೊಂಡು ಮತ್ತೊಂದು ಬಗೆಯವನನ್ನು ಹೊಸಲಿನಿಂದಾಚೆಯೇ ನಿಲ್ಲಿಸುವುವು. ಕನ್ನಡದಲ್ಲಿ ಈ ವಿಷಯವನ್ನು ಪರೀಕ್ಷಿಸುವುದಕ್ಕೆ ಶಿವಶರಣರ ವಚನಗಳಷ್ಟು ತಕ್ಕ ಕ್ಷೇತ್ರವು ಮತ್ತೊಂದಿಲ್ಲ. ಹನ್ನೆರಡನೆಯ ಶತಮಾನದ ಈ ಮಾತುಗಳು ಕಳೆದ ನೂರು ವರ್ಷಗಳಲ್ಲಿ ಭಕ್ತನ ಕೈಗೂ, ಪಂಡಿತನ ಕೈಗೂ, ಶಾಲೆಯ ಹುಡುಗನ ಕೈಗೂ, ಕನ್ನಡವನ್ನೇ ಅರಿಯದವನ ಕೈಗೂ ಬೇರೆಬೇರೆ ರೂಪದಲ್ಲಿ ಹೋಗಿ ಸೇರಿವೆ. ಈ ರೂಪಗಳು ತಂತಮ್ಮ ವಾಚಕನಿಗೆ ಏನನ್ನು ಕೊಟ್ಟವು, ಏನನ್ನು ಕೊಡದೆ ಉಳಿಸಿಕೊಂಡವು ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ವಾಚಕನನ್ನು ಕಣ್ಣಮುಂದಿಟ್ಟುಕೊಂಡು ವಚನಗಳನ್ನು ಜೋಡಿಸುವ ಕೆಲಸವು ಅಚ್ಚುಕೂಟದೊಡನೆ ಹುಟ್ಟಿದುದಲ್ಲ. ಪ್ರೌಢದೇವರಾಯನ ಕಾಲದಲ್ಲಿ (೧೪೨೪–೧೪೪೬) ಜಕ್ಕಣಾರ್ಯನು ಶರಣರ ವಚನಗಳನ್ನು ನೂರೊಂದು ಸ್ಥಲಗಳ ಅನುಕ್ರಮದಲ್ಲಿ ಹೊಂದಿಸಿದುದು ಸಾಧಕನ ಉಪಯೋಗಕ್ಕಾಗಿ. ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು 'ಶೂನ್ಯಸಂಪಾದನೆ'ಯನ್ನು ರಚಿಸಿ, ಬಿಡಿಬಿಡಿಯಾಗಿದ್ದ ವಚನಗಳನ್ನು ಪ್ರಭುದೇವ, ಬಸವಣ್ಣ, ಸಿದ್ಧರಾಮ, ಮಹಾದೇವಿಯಕ್ಕ ಮೊದಲಾದವರ ಸಂವಾದವನ್ನಾಗಿ ಹೆಣೆದನು. ಆಮೇಲೆ ಬಂದ ಮೂವರು ಅದನ್ನು ತಮ್ಮ ತಮ್ಮ ದೃಷ್ಟಿಗೆ ಅನುಸಾರವಾಗಿ ಪರಿಷ್ಕರಿಸಿದರು. ಒಂಟಿಯಾಗಿ ನಿಂತಾಗ ಆತ್ಮಾಲಾಪದಂತೆ ಕೇಳುವ ವಚನವು ಅಲ್ಲಿ ಒಬ್ಬರು ಮತ್ತೊಬ್ಬರಿಗೆ ಕೊಟ್ಟ ಪ್ರತ್ಯುತ್ತರವಾಗಿ ಪರಿಣಮಿಸಿತು. ಇಷ್ಟೊಂದು ಸ್ವಾತಂತ್ರ್ಯವನ್ನು ವಹಿಸಿದ ಸಂಕಲನಕಾರರನ್ನು ಯಾರೂ ದೂಷಿಸಲಿಲ್ಲ. ಅವರ ಉದ್ದೇಶವೇನೆಂಬುದು ಗ್ರಂಥದ ಕಟ್ಟಡದಿಂದಲೇ ಸ್ಪಷ್ಟವಾಗಿದ್ದುದೇ ಇದಕ್ಕೆ ಕಾರಣವಾಗಿರಬೇಕು. ಮುಂದೆ ಓಲೆಯ ಕಟ್ಟುಗಳಿಗೆ ಮತ್ತೊಂದು ಗತಿಯೂ ಒದಗಿತು. ಎಷ್ಟೋ ಮನೆಗಳಲ್ಲಿ ಅವು ದೇವರ ಜಗುಲಿಯನ್ನೇರಿ ಗಂಧಾಕ್ಷತೆಗಳನ್ನು ಪಡೆದುವು. ಬಿಚ್ಚಿ ಓದುವವರು ಮಾತ್ರ ವಿರಳರಾದರು. ಓದಿಲ್ಲದಿದ್ದರೂ ಈ ಪೂಜೆಯೇ ಅವುಗಳನ್ನು ಹುಳುಗಳಿಂದಲೂ ಹೊಗೆಯಿಂದಲೂ ಎಷ್ಟೋ ಮಟ್ಟಿಗೆ ಕಾಪಾಡಿತೆಂಬುದನ್ನು ಮರೆಯಬಾರದು.

ಈ ಕಟ್ಟುಗಳನ್ನು ಬಿಚ್ಚಿಸಿ ಲೋಕದ ಮುಂದಿಟ್ಟವರಲ್ಲಿ ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅಗ್ರಗಣ್ಯರು. ಅವರ ಉದ್ಯಮವನ್ನು ಸಾಮಾನ್ಯವಾಗಿ ತ್ಯಾಗದ ಕಥೆಯನ್ನಾಗಿ ವರ್ಣಿಸುವುದುಂಟು. ಅದು ಸತ್ಯವೇ ಆದರೂ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಅವರ ವಿವೇಕ. ೧೯೨೨ರಲ್ಲಿ ಅವರು ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು 'ಇಂಡಿಯನ್ ಆಂಟಿಕ್ವರಿ' ಎಂಬ ಸಂಶೋಧನ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಾರನೆಯ ವರ್ಷ, ೧೯೨೩ರಲ್ಲಿ, 'ವಚನಶಾಸ್ತ್ರಸಾರ'ದ ಮೊದಲ ಭಾಗವು ಕನ್ನಡದಲ್ಲಿ ಹೊರಬಿದ್ದಿತು. ೧೯೨೫ರಲ್ಲಿ ಸ್ವಂತ ಮುದ್ರಣಾಲಯವಾದ 'ಹಿತಚಿಂತಕ'ವೂ, ೧೯೨೬ರಲ್ಲಿ 'ಶಿವಾನುಭವ'ವೆಂಬ ಪತ್ರಿಕೆಯೂ, ೧೯೨೭ರಲ್ಲಿ 'ನವಕರ್ನಾಟಕ'ವೆಂಬ ವಾರಪತ್ರಿಕೆಯೂ ಕ್ರಮವಾಗಿ ತಲೆದೋರಿದುವು. ಆಂಗ್ಲವಿದ್ವಾಂಸರಿಗೆ ಒಂದು, ಸ್ವಮತದ ಜಿಜ್ಞಾಸುಗಳಿಗೆ ಒಂದು, ಸಾಹಿತ್ಯಾಸಕ್ತರಿಗೆ ಒಂದು, ನಾಡಿನ ವರ್ತಮಾನವನ್ನು ಬಯಸುವ ಸಾಮಾನ್ಯರಿಗೆ ಒಂದು, ಹೀಗೆ ಒಬ್ಬನೇ ಮನುಷ್ಯನು ಐದಾರು ವರ್ಷಗಳಲ್ಲಿ ನಾಲ್ಕು ವಾಚಕವರ್ಗಗಳನ್ನು ಬೇರೆಬೇರೆಯಾಗಿ ಗುರುತಿಸಿ ನಾಲ್ಕು ದಾರಿಗಳನ್ನು ತೆರೆದುದು ಕನ್ನಡ ಪ್ರಕಟನೆಯ ಇತಿಹಾಸದಲ್ಲಿ ಅಪರೂಪವಾದ ಸಂಗತಿ. ಎಲ್ಲರಿಗೂ ಒಂದೇ ಪುಸ್ತಕವು ಸಾಕೆಂದು ಅವರು ಭಾವಿಸಲಿಲ್ಲ.

'ವಚನಶಾಸ್ತ್ರಸಾರ'ವೆಂಬ ಹೆಸರಿನಲ್ಲಿಯೇ ಅದರ ವಾಚಕನು ಅಡಗಿದ್ದಾನೆ. ಶಾಸ್ತ್ರವೆಂದಮೇಲೆ ವಿಷಯಾನುಕ್ರಮವು ಅವಶ್ಯಕ. ಅಂತೆಯೇ ಅಲ್ಲಿ ನಾನಾ ಶರಣರ ವಚನಗಳು ವಿಷಯವನ್ನನುಸರಿಸಿ ಒಟ್ಟುಗೂಡಿವೆ. ತತ್ತ್ವವನ್ನು ತಿಳಿಯಬಯಸುವವನಿಗೆ ಇದಕ್ಕಿಂತ ಉಪಕಾರಕವಾದ ಜೋಡಣೆಯಿಲ್ಲ. ಆದರೆ ಅಲ್ಲಮನ ಮಾತಿನ ಮರ್ಮವೇನು, ಅಂಬಿಗರ ಚೌಡಯ್ಯನ ಮಾತಿನ ಒರಟುತನವೇನು, ಅಕ್ಕನ ಮಾತಿನ ಆರ್ತತೆಯೇನು ಎಂದು ವ್ಯಕ್ತಿವ್ಯಕ್ತಿಯ ಧ್ವನಿಯನ್ನು ಹುಡುಕುವ ಕಾವ್ಯರಸಿಕನು ಅಲ್ಲಿ ಬರಿಗೈಯಲ್ಲಿ ಹಿಂದಿರುಗುವನು. ಇದು ಗ್ರಂಥದ ದೋಷವಲ್ಲ; ಅವನಿಗಾಗಿ ಅದು ಹುಟ್ಟಿರಲಿಲ್ಲ.

ಆ ರಸಿಕನಿಗೆ ಒದಗಿಬಂದವು ಒಬ್ಬೊಬ್ಬ ವಚನಕಾರನನ್ನು ಪ್ರತ್ಯೇಕವಾಗಿ ಸಂಪಾದಿಸಿದ ಗ್ರಂಥಗಳು. ಶಿ. ಶಿ. ಬಸವನಾಳರ 'ಬಸವಣ್ಣನವರ ಷಟ್‌ಸ್ಥಲದ ವಚನಗಳು', ಎಲ್. ಬಸವರಾಜು ಅವರ 'ಅಲ್ಲಮನ ವಚನಚಂದ್ರಿಕೆ' (೧೯೬೦) ಮೊದಲಾದುವು ಈ ಸಾಲಿನಲ್ಲಿ ಆದರಣೀಯವಾದ ಕೃತಿಗಳು. ಇವುಗಳಿಂದ ವಚನಕಾರನಿಗೆ ಮುಖವು ಮೂಡಿತು. ವಚನಕ್ಕೆ ಸಂಖ್ಯೆಯು ದೊರೆತು, ವಿದ್ವಾಂಸರು ಒಬ್ಬರೊಡನೊಬ್ಬರು ನಿರ್ದಿಷ್ಟವಾಗಿ ವ್ಯವಹರಿಸುವುದು ಸಾಧ್ಯವಾಯಿತು.

ಆದರೆ ಇಲ್ಲಿ ಎರಡು ಅಂಶಗಳನ್ನು ಎಚ್ಚರದಿಂದ ಗಮನಿಸಬೇಕು. ಮೊದಲನೆಯದು ಅನುಕ್ರಮ. ಬಸವಣ್ಣನವರ ವಚನಗಳು ಭಕ್ತಸ್ಥಲದಿಂದ ಆರಂಭವಾಗಿ ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಮೆಟ್ಟಿಲುಗಳನ್ನೇರಿ ಐಕ್ಯಸ್ಥಲದಲ್ಲಿ ಮುಗಿಯುವುವು. ಸಂಸಾರದ ತಳಮಳವನ್ನೂ ಮನಸ್ಸಿನ ಚಂಚಲತೆಯನ್ನೂ ತೋಡಿಕೊಳ್ಳುವ ಮಾತುಗಳು ಸಹಜವಾಗಿಯೇ ಮೊದಲ ಸ್ಥಲದಲ್ಲಿ ಕಿಕ್ಕಿರಿದಿವೆ. ಷಟ್‌ಸ್ಥಲಶಾಸ್ತ್ರವನ್ನು ಬಲ್ಲವನು ಇದನ್ನು ಸಾಧನೆಯ ಸೋಪಾನವೆಂದು ಅರಿತುಕೊಳ್ಳುವನು. ಅದನ್ನರಿಯದ ಸಾಮಾನ್ಯ ವಾಚಕನಾದರೋ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತ, ಇದು ಒಬ್ಬ ಮನುಷ್ಯನ ಅಂತರಂಗದ ಚರಿತ್ರೆ, ಮೊದಲು ನೊಂದನು, ಕೊನೆಗೆ ಶಾಂತನಾದನು, ಎಂದು ತಿಳಿದುಕೊಳ್ಳುವನು. ಯಾವ ವಚನವು ಯಾವಾಗ ಹುಟ್ಟಿತೆಂಬುದಕ್ಕೆ ಓಲೆಗಳಲ್ಲಿ ಆಧಾರವಿಲ್ಲ. ನಮ್ಮ ಕಾಲದ ಎಷ್ಟೋ ವಿಮರ್ಶೆಗಳು ಬಸವಣ್ಣನವರ ಮನೋವಿಕಾಸವನ್ನು ವಿವರಿಸುವಾಗ ಈ ಜೋಡಣೆಯನ್ನೇ ಅರಿಯದೆ ಆಧಾರವಾಗಿ ಹಿಡಿದಿರುವುದು ಕಂಡುಬರುತ್ತದೆ. ಭಕ್ತನಿಗಾಗಿ ಮಾಡಿದ ಏರ್ಪಾಟು ರಸಿಕನ ಕೈಯಲ್ಲಿ ಜೀವನಚರಿತ್ರೆಯಾಗಿ ಮಾರ್ಪಟ್ಟಿತು.

ಎರಡನೆಯದು ಸಾಲುಗಳ ವಿಚಾರ. ಓಲೆಗರಿಯಲ್ಲಿ ವಚನಕ್ಕೆ ಸಾಲೆಂಬುದಿಲ್ಲ. ಗರಿಯ ಅಂಚು ಬರುವವರೆಗೂ ಲಿಪಿಕಾರನು ಎಡೆಬಿಡದೆ ಬರೆಯುತ್ತ ಹೋಗಿ, ಒಂದು ವಚನ ಮುಗಿದೆಡೆಯಲ್ಲಿ ಗೆರೆಗಳನ್ನೆಳೆದು ಮುಂದಿನದನ್ನು ತೊಡಗುವನು. ಈಗಿನ ಮುದ್ರಣಗಳಲ್ಲಿ ಕಾಣುವ ಗಿಡ್ಡ ಉದ್ದ ಸಾಲುಗಳು ಸಂಪಾದಕರು ಅರ್ಥವನ್ನೂ ಲಯವನ್ನೂ ನೋಡಿ ಮುರಿದು ಕೊಟ್ಟವು. ಓದುವವನಿಗೆ ಇದರಿಂದ ಆದ ಉಪಕಾರವು ಅಷ್ಟಿಷ್ಟಲ್ಲ. ಮಾತು ಉಸಿರಾಡಿತು, ಸಮಾನವಾದ ವಾಕ್ಯಗಳು ಒಂದರ ಕೆಳಗೊಂದು ನಿಂತು ತಮ್ಮ ಸೊಗಸನ್ನು ತೋರಿದವು. ಆದರೆ ವಚನವು ಗದ್ಯವೋ ಪದ್ಯವೋ ಎಂಬ ಚರ್ಚೆಯಲ್ಲಿ ಅಚ್ಚಾದ ಪುಟವನ್ನೇ ಸಾಕ್ಷಿಗೆ ಕರೆಯುವವರು, ಆ ಸಾಕ್ಷಿಯನ್ನು ಸಂಪಾದಕನೇ ನಿಲ್ಲಿಸಿದನೆಂಬುದನ್ನು ನೆನೆಯುವುದಿಲ್ಲ. ಒಂದೇ ವಚನವನ್ನು ಇಬ್ಬರು ಸಂಪಾದಕರು ಬೇರೆಬೇರೆಡೆಯಲ್ಲಿ ಮುರಿದಾಗ ಅರ್ಥದ ಒತ್ತು ಬದಲಾಗುವುದೂ ಉಂಟು. ಹಾಡುವವರಿಗೆ ಈ ತೊಡಕಿಲ್ಲ. ಮಲ್ಲಿಕಾರ್ಜುನ ಮನ್ಸೂರರಂಥ ಗಾಯಕರು ವಚನವನ್ನು ಹಾಡಿದಾಗ ನಿಲುಗಡೆಯನ್ನು ಗೊತ್ತುಮಾಡಿದುದು ರಾಗ, ತಾಳ, ಉಸಿರುಗಳು. ಕೇಳಿದವರು ಅಚ್ಚಿನ ಸಾಲನ್ನು ಬಯಸಲೂ ಇಲ್ಲ.

ಕನ್ನಡವನ್ನರಿಯದ ವಾಚಕನ ಬಳಿಗೆ ವಚನಗಳನ್ನು ಕೊಂಡೊಯ್ದ ಪುಸ್ತಕಗಳಲ್ಲಿ ೧೯೭೩ರಲ್ಲಿ ಪೆಂಗ್ವಿನ್ ಸಂಸ್ಥೆಯು ಪ್ರಕಟಿಸಿದ, ಎ. ಕೆ. ರಾಮಾನುಜನ್ನರ 'ಸ್ಪೀಕಿಂಗ್ ಆಫ್ ಶಿವ' ಮುಖ್ಯವಾದುದು. ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮ ಈ ನಾಲ್ವರನ್ನು ಮಾತ್ರ ಅವರು ಆರಿಸಿಕೊಂಡರು. ಅಂಕಿತಗಳನ್ನು ಹೆಸರಾಗಿ ಬಿಡದೆ ಅರ್ಥವಾಗಿ ಬಿಡಿಸಿದುದರಿಂದ, ಕೂಡಲಸಂಗಮದೇವನು ಹೊಳೆಗಳು ಕೂಡುವೆಡೆಯ ಒಡೆಯನಾದನು. ಶ್ರೀಶೈಲದ ಚೆನ್ನಮಲ್ಲಿಕಾರ್ಜುನನು ಮಲ್ಲಿಗೆಯಂತೆ ಬೆಳ್ಳಗಿರುವ ಪ್ರಭುವಾದನು. ಕ್ಷೇತ್ರದ ಸ್ಮೃತಿಯನ್ನು ಕಳೆದು ಹೂವಿನ ಕಂಪನ್ನು ಕೊಟ್ಟ ಈ ವಿನಿಮಯವನ್ನು ಒಪ್ಪದವರು ಹಲವರಿದ್ದಾರೆ. ಅವರ ಆಕ್ಷೇಪಣೆ ನಿರಾಧಾರವಲ್ಲ. ಆದರೂ ಈ ಪುಸ್ತಕದಲ್ಲಿ ಒಂದು ಪ್ರಾಮಾಣಿಕತೆಯಿದೆ. ಪ್ರತಿಯೊಂದು ಅನುವಾದದ ತಲೆಯ ಮೇಲೂ ಕನ್ನಡ ಮುದ್ರಣದ ವಚನಸಂಖ್ಯೆಯು ನಿಂತಿದೆ. ಬಸವನಾಳರ ಗ್ರಂಥವನ್ನೋ ಬಸವರಾಜು ಅವರ ಗ್ರಂಥವನ್ನೋ ತೆರೆದು ಮೂಲವನ್ನು ನೋಡಿ ಬರುವ ದಾರಿಯನ್ನು ಅನುವಾದಕರು ಮುಚ್ಚಲಿಲ್ಲ. ಪರಭಾಷೆಯ ಸಾಮಾನ್ಯನಿಗೆ ಒದಗಿದ ಈ ಸೌಕರ್ಯವು ಕನ್ನಡದ ಅಗ್ಗದ ಸಂಕಲನಗಳನ್ನು ಕೊಳ್ಳುವವನಿಗೆ ಎಷ್ಟೋ ವೇಳೆ ಇಲ್ಲದಿರುವುದು ವಿಚಿತ್ರವೇ ಸರಿ.

ಶಾಲೆಯ ಪಾಠಪುಸ್ತಕಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಅಲ್ಲಿ ನೀತಿಯೇ ಆಯ್ಕೆಯ ಒರೆಗಲ್ಲು. ಬೆಡಗಿನ ವಚನಗಳು ಕಠಿನವೆಂದೂ, ಕಟಕಿಯ ವಚನಗಳು ಕಟುವೆಂದೂ ಬಿಟ್ಟುಹೋಗಿ, ನಯವಾದ ಉಪದೇಶಗಳು ಉಳಿಯುತ್ತವೆ. ಬಾಲಕನಿಗೆ ಅದು ಸಾಕಾದೀತು. ಮುಂದೆ ಅವನು ಬೇರೆ ವಚನಗ್ರಂಥವನ್ನು ತೆರೆಯದೆ ಉಳಿದರೆ ಮಾತ್ರ ನಷ್ಟ.

ಹೀಗಿರಲು ೧೯೯೩ರಲ್ಲಿ ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ನಿರ್ದೇಶನಾಲಯವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಂಪುಟಗಳ 'ಸಮಗ್ರ ವಚನ ಸಂಪುಟ'ವನ್ನು ಹೊರತಂದಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಒಂದೆಡೆ ಸೇರಿದುವು. ಕೊನೆಯ ಸಂಪುಟವು ಪರಿಭಾಷಾಕೋಶಕ್ಕೆ ಮೀಸಲಾಯಿತು. ಮುನ್ನೂರು ನಾನ್ನೂರು ಮೈಲಿಗಳಾಚೆಯ ಗ್ರಂಥಭಂಡಾರಕ್ಕೆ ಹೋಗಿ ನೋಡಬೇಕಾಗಿದ್ದ ಅಪರಿಚಿತ ಶರಣಶರಣೆಯರ ಮಾತುಗಳು ಹಳ್ಳಿಯ ಉಪಾಧ್ಯಾಯನ ಮನೆಯ ಕಪಾಟಿಗೂ ಬಂದುವು. ಈ ಮಹಾಕಾರ್ಯದ ಬೆಲೆಯನ್ನು ಕಡಮೆಮಾಡಿ ನೋಡುವುದು ಅನ್ಯಾಯ. ಆದರೆ ಇದು ತನ್ನನ್ನು ಜನಪ್ರಿಯ ಆವೃತ್ತಿಯೆಂದು ಕರೆದುಕೊಂಡಿತು; ಪುಟಪುಟದಲ್ಲಿಯೂ ಪಾಠಾಂತರಗಳನ್ನು ಕೊಡುವ ಹೊರೆಯನ್ನು ಹೊರಲಿಲ್ಲ. ವಿದ್ವಾಂಸನು ಬೇರೆಡೆ ನೋಡಿಕೊಳ್ಳಲಿ, ಸಾಮಾನ್ಯನಿಗೆ ಪಾಠಾಂತರದಿಂದೇನು, ಎಂಬ ಭಾವನೆ ಇಂಥ ಎಲ್ಲ ಆವೃತ್ತಿಗಳ ಹಿಂದೆಯೂ ಇದೆ. ಈ ಭಾವನೆಯನ್ನೇ ಪರೀಕ್ಷಿಸಬೇಕಾಗಿದೆ.

ಸಾಮಾನ್ಯನಿಗೆ ಪಾಠಾಂತರದಿಂದ ಆಗುವುದೇನೆಂಬುದನ್ನು 'ವಚನದೀಪ್ತಿ'ಯ ಪ್ರಕರಣವು ತೋರಿಸಿಕೊಟ್ಟಿತು. ಅನುಯಾಯಿಗಳಿಗಾಗಿ ಸಿದ್ಧವಾದ ಆ ಪುಸ್ತಕದಲ್ಲಿ ಬಸವಣ್ಣನವರ ವಚನಗಳ ಕೂಡಲಸಂಗಮದೇವನೆಂಬ ಅಂಕಿತದೆಡೆಯಲ್ಲಿ ಲಿಂಗದೇವನೆಂಬ ಅಂಕಿತವು ಬಂದಿತು. ಬದಲಾವಣೆಯನ್ನು ಬಹಿರಂಗವಾಗಿಯೇ ಸಮರ್ಥಿಸಲಾಯಿತು. ೧೯೯೮ರಲ್ಲಿ ರಾಜ್ಯಸರ್ಕಾರವು ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ, ೨೦೧೭ರಲ್ಲಿ ಆ ಆಜ್ಞೆಯೇ ಸ್ಥಿರವಾಯಿತು. ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಜನರ ಭಾವನೆಗಳಿಗೆ ಸಂಬಂಧಿಸಿದುದು. ಗ್ರಂಥಸಂಪಾದನೆಯ ಪ್ರಶ್ನೆ ಬೇರೆ. ಓಲೆಗಳು ಏನು ಹೇಳುತ್ತವೆ ಎಂಬುದನ್ನು ತಾನೇ ನೋಡಿ ತೀರ್ಮಾನಿಸಲು ಸಾಮಾನ್ಯ ವಾಚಕನಿಗೆ ಸಾಧ್ಯವಿತ್ತೆ? ಅವನ ಕೈಯಲ್ಲಿದ್ದ ಯಾವ ಸುಲಭದ ಪುಸ್ತಕವೂ, ಈ ಅಂಕಿತವು ಇಂತಿಂಥ ಪ್ರತಿಗಳಲ್ಲಿ ಹೀಗಿದೆ ಎಂದು ಅವನಿಗೆ ಹೇಳಿರಲಿಲ್ಲ. ಆದುದರಿಂದ ಅವನು ಒಂದು ಪಕ್ಷವನ್ನು ನಂಬಬೇಕಾಯಿತು, ಇಲ್ಲವೆ ಇನ್ನೊಂದನ್ನು. ಆಧಾರವನ್ನು ತಿಳಿದಿದ್ದ ಪಂಡಿತರ ಸಂಖ್ಯೆ ಬೆರಳೆಣಿಕೆಯಷ್ಟು. ಉದ್ವೇಗಗೊಂಡವರ ಸಂಖ್ಯೆ ಅಪಾರ. ಪುಸ್ತಕವನ್ನು ಅಂಗಡಿಯಿಂದ ತೆಗೆಸಿದ ಮಾತ್ರಕ್ಕೆ ಈ ಅಂತರವು ಕಡಮೆಯಾಗಲಿಲ್ಲ.

ಭಕ್ತನು ತನ್ನ ಪಾರಾಯಣಕ್ಕೆ ಅನುಕೂಲವಾದ ಪುಸ್ತಕವನ್ನು ಬಯಸುವುದು ಸಹಜ; ಪಾರಾಯಣದ ನಡುವೆ ಅಡಿಟಿಪ್ಪಣಿಯು ಅವನಿಗೆ ಕಲ್ಲಿನಂತೆ ತಡೆಯುವುದೂ ಸಹಜ. ಸಾವಿರ ಪುಟಗಳ ಪಾಠಾಂತರಗಳನ್ನು ಅವನ ಮೇಲೆ ಹೇರಬೇಕೆಂದು ಯಾವ ವಿವೇಕಿಯೂ ಹೇಳಲಾರನು. ಆದರೆ ಅಲ್ಪ ವ್ಯಯದಲ್ಲಿ ಮಾಡಬಹುದಾದುದು ಬಹಳವಿದೆ. ಪ್ರತಿಯೊಂದು ವಚನದ ಕೊನೆಯಲ್ಲಿ ಅದನ್ನು ಎಲ್ಲಿಂದ ತೆಗೆದುಕೊಂಡಿದೆಯೆಂಬ ಒಂದು ಸಂಖ್ಯೆ. ಸಾಲುಗಳನ್ನು ಮುರಿದವರು ಸಂಪಾದಕರೆಂದು ಪೀಠಿಕೆಯಲ್ಲಿ ಎರಡು ವಾಕ್ಯ. ಅನುಕ್ರಮವು ಯಾರದೆಂಬ ಸೂಚನೆ. ಅರ್ಥವನ್ನೇ ಮಾರ್ಪಡಿಸುವಂಥ ಪಾಠಾಂತರಗಳಿದ್ದರೆ, ಅವುಗಳನ್ನು ಮಾತ್ರ ಆರಿಸಿದ ಒಂದು ಚಿಕ್ಕ ಪಟ್ಟಿ. ಒಂದು ಸಂಪುಟಕ್ಕೆ ಹತ್ತು ಹದಿನೈದು ಪುಟಗಳಿಗಿಂತ ಇದು ಹೆಚ್ಚಾಗದು. ಅಂತರ್ಜಾಲದಲ್ಲಿ ಈಗ 'ವಚನ ಸಂಚಯ'ವೆಂಬ ಭಂಡಾರವಿದ್ದು, ಒಂದು ಪದವನ್ನು ಕೊಟ್ಟರೆ ಅದು ಬರುವ ವಚನಗಳನ್ನೆಲ್ಲ ಕ್ಷಣದಲ್ಲಿ ಮುಂದಿಡುವುದು. ಹಿಂದಿನ ಪಂಡಿತರು ವರ್ಷಗಟ್ಟಳೆ ಚೀಟಿ ಬರೆದು ಸಾಧಿಸುತ್ತಿದ್ದುದು ಈಗ ಯಾವ ವಿದ್ಯಾರ್ಥಿಗೂ ಸಾಧ್ಯ. ಅಂಥ ಸ್ಥಳದಲ್ಲಿ ಹಾಳೆಯ ಬೆಲೆಯ ಅಡ್ಡಿಯೂ ಇಲ್ಲ. ವಚನದ ಪಕ್ಕದಲ್ಲಿಯೇ ಅದರ ಓಲೆಗರಿಯ ಛಾಯಾಚಿತ್ರವನ್ನಿಟ್ಟು, ಬೇಕಾದವನು ನೋಡಲಿ, ಬೇಡವಾದವನು ಮುಂದಕ್ಕೆ ಹೋಗಲಿ ಎಂದು ಬಿಡಬಹುದು. ಮಠಗಳಲ್ಲಿಯೂ ವಿಶ್ವವಿದ್ಯಾಲಯಗಳಲ್ಲಿಯೂ ಇರುವ ಕಟ್ಟುಗಳ ಛಾಯಾಚಿತ್ರಗಳನ್ನು ಈ ರೀತಿಯಲ್ಲಿ ವಚನವಚನಕ್ಕೂ ಜೋಡಿಸುವ ಕೆಲಸಕ್ಕೆ ಬಸವಣ್ಣನವರ ವಚನಗಳಿಂದಲೇ, ಅದರಲ್ಲಿಯೂ ಅಂಕಿತದ ವಿಚಾರದಲ್ಲಿ ವಿವಾದಕ್ಕೊಳಗಾದವುಗಳಿಂದಲೇ, ಆರಂಭ ಮಾಡುವುದು ಯುಕ್ತ.