ಚಿತ್ರಪಟದಲ್ಲಿ ಸಂಗೊಳ್ಳಿ ರಾಯಣ್ಣ

ನಮ್ಮ ಹಲಸೂರಿನ ಬದಿಯ ದಂಡು 1809ರಲ್ಲಿ ಕಂಪೆನಿಯ ಸೈನ್ಯಕ್ಕಾಗಿ ಎದ್ದುದು. ಅಲ್ಲಿಯೇ ಕುಳಿತು, ಆ ಕಂಪೆನಿಯನ್ನೆದುರಿಸಿದವನ ಕಥೆಯಾದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ (2012) ಚಿತ್ರವನ್ನು ಮೊಮ್ಮಗನೊಡನೆ ನೋಡಿದೆನು. ನಿರ್ದೇಶಕರಾದ ನಾಗಣ್ಣನವರ ಉದ್ಯಮವು ಶ್ಲಾಘ್ಯವಾದುದು. ಆದರೆ ವೀರರಸಕ್ಕೆ ಸ್ಥಾಯಿ ಉತ್ಸಾಹ, ರೌದ್ರಕ್ಕೆ ಕ್ರೋಧ. ಕಾಳಗಗಳ ಅಬ್ಬರದಲ್ಲಿ ಈ ಭೇದವು ಅಳಿಸಿಹೋಗುತ್ತದೆ. ರಾಯಣ್ಣನ ಬಲವು ತೋಳಿನಲ್ಲಿ ಮಾತ್ರವಲ್ಲ, ಕಂದಾಯದ ಹೊರೆಯಿಂದ ನೊಂದ ರೈತರಲ್ಲಿತ್ತು. ಅವನ ಕಡೆಯವರು ಸರ್ಕಾರದ ಕಾಗದಪತ್ರಗಳನ್ನು ಸುಟ್ಟುದು ಅದಕ್ಕಾಗಿಯೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

“ತಾತ, ನಮ್ಮವರೇ ಏಕೆ ಹಿಡಿದುಕೊಟ್ಟರು?” ಎಂದನು ಮೊಮ್ಮಗನು. ಈ ಪ್ರಶ್ನೆಯನ್ನು ಎಬ್ಬಿಸಿದುದೇ ಚಿತ್ರದ ಸಾರ್ಥಕತೆ. ಉತ್ತರಕ್ಕೆ ಮಾತ್ರ ಇತಿಹಾಸವನ್ನೇ ಓದಬೇಕು. ಓದಿಸುವ ಹೊಣೆ ಹಿರಿಯರಾದ ನಮ್ಮದು.